ಒಂಬತ್ತು ದಿನ ಮುಂಚಿನ ಹುಟ್ಟುಹಬ್ಬ

ಕಾಚಿಗೂಡದಿಂದ ರಾಯಚೂರಿಗೆ ಬರುವ ರೈಲಿನಲ್ಲಿ ತೊಡೆಯ ಮೇಲೆ ಥರ್ಮಾಕೋಲ್ ಡಬ್ಬಿ ಇಟ್ಟುಕೊಂಡು ಕೂತಿದ್ದೆ. ಎದುರಿನ ಹೆಂಗಸು ಸೆರಗು ಮೂಗಿನ ಹತ್ತಿರ ತಂದು, "ಚೇಪಲಾ ಅಮ್ಮಾ?" ಎಂದಳು. ಮೀನಲ್ಲ, ಕೇಕು ಎಂದೆ. ಆಕೆ ನಂಬಲಿಲ್ಲ. ನಂಬದ್ದರಲ್ಲಿ ತಪ್ಪೇನಿಲ್ಲ. ನಮ್ಮ ಕಡೆ ಇಂಥ ಡಬ್ಬಿ ಕಂಡರೆ ಜುರಾಲಾ ಅಣೆಕಟ್ಟಿನ ಮೀನೇ ನೆನಪಾಗುವುದು. ಐಸಿನಲ್ಲಿ ಹುಗಿದ ಮೀನು ಕೃಷ್ಣೆಯಿಂದ ಪಟ್ಟಣಕ್ಕೆ ಹೋಗುವುದು ಲೋಕರೂಢಿ. ಪಟ್ಟಣದಿಂದ ಕೇಕು ಅದೇ ವೇಷದಲ್ಲಿ ನಮ್ಮೂರು ಮಕ್ತಲಕ್ಕೆ ಬರುವುದನ್ನು ನಾನೂ ಆವತ್ತೇ ಮೊದಲು ಕಂಡದ್ದು.

ಮೊಮ್ಮಗಳ ಹುಟ್ಟುಹಬ್ಬ ಮೇ 12ಕ್ಕೆ, ನಮ್ಮ ಮನೆಯಲ್ಲಿ. ಮಗಳಿಗೆ ಹಿಂದಿನ ದಿನದವರೆಗೂ ಆಫೀಸು. ಕಣ್ಣು ತೋರಿಸಿಕೊಳ್ಳಲು ನಾನು ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಹೋದಾಗ ಇಪ್ಪತ್ನಾಲ್ಕು ಕಪ್‌ಕೇಕ್ ಮಾಡಿ, ಕಲ್ಲಿನಂತೆ ಗಟ್ಟಿಮಾಡಿ, ನನ್ನ ಕೈಗಿಟ್ಟಳು. ಮೊಟ್ಟೆ ಇಲ್ಲ, ಮೊಸರು ಮತ್ತು ಸೋಡಾ, ನಮ್ಮವ್ವ ತಿನ್ನಬೇಕಲ್ಲ. ರೈಲು ಇದ್ದದ್ದಕ್ಕೆ ಇದೆಲ್ಲ ಸಾಧ್ಯವಾಯಿತು. ಮಕ್ತಲದ ಮೇಲೆ ಹಾದು ಕೃಷ್ಣಾ ನಿಲ್ದಾಣ ಸೇರುವ ಹಳಿ ಪೂರ್ತಿಯಾಗಿ ಗಾಡಿ ಓಡಿದ್ದು 2023ರ ಅಕ್ಟೋಬರಿನಲ್ಲಿ. ಬಸ್ಸಾಗಿದ್ದರೆ ಅರ್ಧ ದಾರಿಯಲ್ಲೇ ಕೇಕು ಕರಗಿ ನನ್ನ ಸೀರೆಗೆ ಬಂದಿರುತ್ತಿತ್ತು.

ಕೇಕಿಗಿಂತ ಅದರ ಜೊತೆ ಬಂದ ಸೂಚನೆಗಳೇ ಭಾರ. ಒಲೆಯಿಂದ ತೆಗೆದ ಮೇಲೆ ಪೂರ್ತಿ ಆರಬೇಕು. ಬಿಸಿ ಇದ್ದಾಗ ಸುತ್ತಿದರೆ ಒಳಗಿನ ಹಬೆಯೇ ನೀರಾಗಿ, ಆ ನೀರೇ ಐಸಾಗಿ ಕೂರುತ್ತದೆ. ಮೇಲೆ ಕ್ರೀಮ್ ಹಚ್ಚಬಾರದು, ಅದು ತಿನ್ನುವ ದಿನದ ಕೆಲಸ. ಮೊದಲು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು ಗಟ್ಟಿಮಾಡಿ, ಆಮೇಲೆ ಒಂದೊಂದಕ್ಕೂ ಮೈಗಂಟುವ ಪ್ಲಾಸ್ಟಿಕ್ ಹಾಳೆ ಸುತ್ತಿ, ಜಿಪ್ ಇರುವ ಚೀಲದಲ್ಲಿ ತುಂಬಿ, ಗಾಳಿ ಒತ್ತಿ ತೆಗೆಯಬೇಕು. ಗಾಳಿ ಉಳಿದರೆ ಕೇಕಿನ ತೇವ ಹೊರಗೆ ಬಂದು ಚೀಲದೊಳಗೆ ಹಿಮವಾಗುತ್ತದೆ, ಕೇಕು ಒಣಗಿ ಸಪ್ಪೆಯಾಗುತ್ತದೆ. ಸೊನ್ನೆಗಿಂತ 18 ಡಿಗ್ರಿ ಕೆಳಗಿದ್ದರೆ ಎರಡು ಮೂರು ತಿಂಗಳು ರುಚಿ ಕೆಡುವುದಿಲ್ಲ. ಹೊರಗೆ ತೆಗೆದಾಗ ಹಾಳೆ ಬಿಚ್ಚದೆ ಹಾಗೇ ಇಡಬೇಕು. ಬೆವರು ಹಾಳೆಗೆ ಬರಲಿ, ಕೇಕಿಗೆ ಬೇಡ. ಈ ಕಡೆಯ ಮಾತು ನನಗೆ ಬಹಳ ಹಿಡಿಸಿತು. ಇಷ್ಟು ವರ್ಷ ಸಂಸಾರ ಮಾಡಿದರೂ ಬೆವರಿನ ಬಗ್ಗೆ ಇಷ್ಟು ದೂರ ಯೋಚಿಸಿರಲಿಲ್ಲ.

"ಮತ್ತ ಅಮ್ಮಾ, ಫ್ರಿಜ್ಜಿನ ಕೆಳಗಿನ ಖಾನೇದಾಗ ಮಾತ್ರ ಇಡಬ್ಯಾಡ. ಅಲ್ಲಿಟ್ರ ಹೊರಗಿಟ್ಟದ್ದಕ್ಕಿಂತ ಲಗೂನ ಬಿರುಸಾಗತಾವ."

ಇದು ಮಾತ್ರ ನನಗೆ ಗೊತ್ತಿದ್ದ ಸಂಗತಿ, ಕಾರಣ ಗೊತ್ತಿರಲಿಲ್ಲ ಅಷ್ಟೆ. ರಾತ್ರಿ ಉಳಿದ ಮೆತ್ತನ ಜೋಳದ ರೊಟ್ಟಿಯನ್ನು ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಚಪ್ಪಲಿ ಅಟ್ಟೆ. ಇಡ್ಲಿಯದೂ ಅದೇ ಪಾಡು. ಬೇಯುವಾಗ ನೀರು ಕುಡಿದು ಉಬ್ಬಿದ ಪಿಷ್ಟ, ತಣ್ಣಗಾಗುತ್ತ ಮತ್ತೆ ಸಾಲುಗಟ್ಟಿ ಬಿಗಿಯಾಗುತ್ತದೆ. ಸೊನ್ನೆಗಿಂತ ಸ್ವಲ್ಪ ಮೇಲಿನ ಚಳಿ ಎಂದರೆ ಅದಕ್ಕೆ ಪಂಚಪ್ರಾಣ. ಇನ್ನೂ ಕೆಳಗಿಳಿಸಿ ಗಡ್ಡೆ ಕಟ್ಟಿಸಿದರೆ ಅದರ ಆಟ ನಿಲ್ಲುತ್ತದೆ. ಅದನ್ನೂ ನಿಧಾನವಾಗಿ ಮಾಡಿದರೆ ಕೆಲಸ ಕೆಡುತ್ತದೆ: ಐಸಿನ ಹರಳು ದೊಡ್ಡದಾಗಿ ಬೆಳೆದು ಒಳಗನ್ನು ಹರಿಯುತ್ತವೆ. ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕದವನು ನೂರು ವರ್ಷದ ಹಿಂದೆ ಕೆನಡಾದ ಲ್ಯಾಬ್ರಡಾರ್‌ನಲ್ಲಿ, ಹಿಡಿದ ಮೀನು ಗಾಳಿಗೇ ಸೆಟೆದುಕೊಳ್ಳುವುದನ್ನು ನೋಡಿ ಈ ಗುಟ್ಟು ಹಿಡಿದನಂತೆ. ಅಲ್ಲೂ ಮೀನೇ. ರೈಲಿನ ಹೆಂಗಸು ತೀರಾ ತಪ್ಪು ಕೇಳಿರಲಿಲ್ಲ.

ನಮ್ಮದು ಒಂದೇ ಬಾಗಿಲಿನ ಹಳೆ ಫ್ರಿಜ್ಜು. ಅದರ ಐಸಿನ ಖಾನೆ 18 ಡಿಗ್ರಿ ಕೆಳಗೆ ಹೋಗುವ ಪೈಕಿ ಅಲ್ಲ. ಅಲ್ಲದೆ ಅದರಲ್ಲಿ ಆಗಲೇ ಬಟಾಣಿ, ಐಸಿನ ತಟ್ಟೆ, ಯಾರದೋ ಮದುವೆಯ ಕೋವಾ ಕಾಯಂ ನಿವಾಸಿಗಳಾಗಿದ್ದವು. ಆದ್ದರಿಂದ ಹನ್ನೆರಡನ್ನು ಇಲ್ಲಿಟ್ಟು, ಇನ್ನು ಹನ್ನೆರಡನ್ನು ಗದ್ವಾಲಕ್ಕೆ ನಾದಿನಿಯ ಮನೆಗೆ ಕಳಿಸಿದೆ. ಅವರದು ಐಸ್‌ಕ್ರೀಮ್ ಇಟ್ಟ ಕಿರಾಣಿ ಅಂಗಡಿ, ಪೆಟ್ಟಿಗೆಯಂಥ ದೊಡ್ಡ ಡೀಪ್ ಫ್ರೀಜರ್ ಇದೆ. ಅಂಗಡಿಯಲ್ಲಿ ತೆಲುಗು, ಒಳಗೆ ಕನ್ನಡ. ಗದ್ವಾಲ 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯ ತಾಲ್ಲೂಕೇ ತಾನೆ. ನಮ್ಮ ಮನೆಯವರು ಕನ್ನಡ ಶಾಲೆಯ ನಿವೃತ್ತ ಮಾಸ್ತರರು. ಎರಡೂ ಚೀಲಗಳ ಮೇಲೆ ದುಂಡಗೆ ತಾರೀಖು ಬರೆದು, ಕೆಳಗೆ ಗೆರೆ ಎಳೆದರು. ಮಾರ್ಕು ಕೊಡಲಿಲ್ಲ, ಪುಣ್ಯ.

ನಾರಾಯಣಪೇಟೆಯಿಂದ ಬಂದ ಅವ್ವ ಖಾನೆ ತೆಗೆಸಿ ನೋಡಿದಳು. "ಕೂಸಿಗೆ ಕುಂಚಿಗಿ ಕಟ್ಟಿದಂಗ ಕಟ್ಟಿಯಲ್ಲವಾ" ಎಂದಳು. ಹೆಸರು ಕೇಳಿದಳು. ಕಪ್ಪಿನಲ್ಲಿ ಬೇಯಿಸುತ್ತಿದ್ದದ್ದಕ್ಕೋ, ಕಪ್ಪಿನಿಂದ ಹಿಟ್ಟು ಸಕ್ಕರೆ ಅಳೆದದ್ದಕ್ಕೋ ಆ ಹೆಸರು ಬಂತಂತೆ. 1828ರ ಒಂದು ಅಮೆರಿಕದ ಅಡಿಗೆ ಪುಸ್ತಕದಲ್ಲೇ ಇದೆ ಎಂದೆ. "ಹಂಗಾದ್ರ ನಮ್ಮದು ಸೇರಿನ ಹೋಳಿಗಿ" ಎಂದು ಅವ್ವ ತನ್ನ ಗಂಟು ಬಿಚ್ಚಿದಳು.

ಗಂಟಿನಲ್ಲಿ ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಖಡಕ್ ಜೋಳದ ರೊಟ್ಟಿ. ಕೂಡಿಡುವುದರಲ್ಲಿ ಅವ್ವನ ವಿದ್ಯೆ ಮಗಳ ವಿದ್ಯೆಗೆ ತಲೆಕೆಳಗು. ಮಗಳು ನೀರನ್ನು ಇದ್ದಲ್ಲೇ ಕಟ್ಟಿಹಾಕುತ್ತಾಳೆ, ಅವ್ವ ನೀರನ್ನು ಮನೆಯಿಂದಲೇ ಹೊರಗೆ ಹಾಕುತ್ತಾಳೆ. ಕಡಲೆಬೇಳೆ ಹೂರಣದ ಹೋಳಿಗೆ ಬೇಸಿಗೆಯಲ್ಲಿ ಎರಡನೇ ದಿನಕ್ಕೆ ಹಳಸುತ್ತದೆ. ಹುರಿದ ಶೇಂಗಾ ಮತ್ತು ಬೆಲ್ಲದ್ದು ಹದಿನೈದು ದಿನ ಇರುತ್ತದೆ. ಬೇಳೆ ಕುದಿಸಿದ್ದು, ಶೇಂಗಾ ಹುರಿದದ್ದು, ಇಷ್ಟೇ ವ್ಯತ್ಯಾಸ. ರೊಟ್ಟಿಯನ್ನಂತೂ ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಆಮೇಲೆ ಒಲೆಯ ಬದಿಗೆ ಆನಿಸಿ ನಿಲ್ಲಿಸಿ, ಮುಟ್ಟಿದರೆ ಮುರಿಯುವಷ್ಟು ಒಣಗಿಸಿ, ಬುಟ್ಟಿಯಲ್ಲಿ ಪೇರಿಸಿ ಹಳೆ ಸೀರೆಯ ತುಂಡು ಕಟ್ಟುತ್ತಾಳೆ. ತಿಂಗಳು ಕಳೆದ ರೊಟ್ಟಿಯನ್ನೂ ಉಗುರಿನಿಂದ ತಟ್ಟಿ ನೋಡುತ್ತಾಳೆ. ಟಣ್ ಎಂದರೆ ಚಲೋ ಐತಿ, ಸದ್ದು ಮಂಕಾಗಿದ್ದರೆ ತೇವ ಹೊಕ್ಕೈತಿ. ತಾರೀಖು ಬರೆಯುವ ಮಾಸ್ತರರ ಕೆಲಸ ಇಲ್ಲಿಲ್ಲ.

ಕಟ್ಟಲು ತಂದ ತುಂಡು ನಾರಾಯಣಪೇಟೆ ಸೀರೆಯದು. ಅವ್ವ ಎತ್ತಿಡುವುದು ಗದ್ವಾಲ ಸೀರೆಯನ್ನು ಮಾತ್ರ. ಮೈ ಹತ್ತಿ, ಅಂಚು ಸೆರಗು ರೇಷ್ಮೆ. ಮಡಿಸಿದರೆ ಬೆಂಕಿಪೆಟ್ಟಿಗೆಯಲ್ಲಿ ಹಿಡಿಸುತ್ತದೆ ಎಂದು ಹೆಸರಾದದ್ದು. ಟ್ರಂಕಿನಲ್ಲಿ ಬೇವಿನ ಸೊಪ್ಪಿನ ನಡುವೆ ಇಟ್ಟು, ಒಂದೇ ಗೆರೆಯಲ್ಲಿ ಜರಿ ಮುರಿಯಬಾರದೆಂದು ಆಗಾಗ ತೆಗೆದು ಮಡಿಕೆ ಬದಲಿಸುತ್ತಾಳೆ. ಚೌಕಳಿಯ ನಾರಾಯಣಪೇಟೆ ಸೀರೆಗೆ ಈ ಉಪಚಾರವಿಲ್ಲ. ಉಡು, ಒಗೆ, ಹರಿ, ರೊಟ್ಟಿಗೆ ಕಟ್ಟು. ಗದ್ವಾಲದ್ದನ್ನು ಅವ್ವ ಎಷ್ಟು ಸಲ ಉಟ್ಟಿದ್ದಾಳೆಂದು ಎಣಿಸಲು ಒಂದು ಕೈ ಸಾಕು. ಮಡಿಕೆ ಬದಲಿಸಿದ್ದಕ್ಕೆ ಲೆಕ್ಕವಿಲ್ಲ.

ಮೇ 3ರ ಸಂಜೆ ಗಾಳಿ ಎದ್ದಿತು. ಬೇವಿನ ಮರ ತಂತಿಯ ಮೇಲೆ ಬಿತ್ತು, ಓಣಿಗೆ ಓಣಿಯೇ ಕತ್ತಲು. ಮಳೆ ನಾಲ್ಕು ಹನಿ ಮಾತ್ರ ಬಿದ್ದು, ನೆಲದ ಕಾವನ್ನೆಲ್ಲ ಎಬ್ಬಿಸಿ ಹೋಯಿತು. ಬಾಗಿಲು ತೆಗೆಯದಿದ್ದರೆ ತುಂಬಿದ ದೊಡ್ಡ ಫ್ರೀಜರ್ ಎರಡು ದಿನ ತಡೆಯುತ್ತದಂತೆ. ನಮ್ಮ ಖಾನೆಗೆ ಅಷ್ಟು ಶಕ್ತಿ ಎಲ್ಲಿಯದು? ರಾತ್ರಿ ಹನ್ನೊಂದಕ್ಕೆ ಫ್ರಿಜ್ಜಿನ ಕೆಳಗೆ ನೀರು ಹರಿದು ಬಂತು. ಮುಟ್ಟಿದರೆ ಕೇಕು ಮೆತ್ತಗೆ. ಮಗಳಿಗೆ ಫೋನು ಮಾಡಿದೆ. ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿಮಾಡಿದರೆ ತಿನ್ನುವಾಗ ಹಿಟ್ಟುಹಿಟ್ಟಾಗುತ್ತದೆ, ತಿಂದುಬಿಡಿ ಎಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಸೆಕೆಗೆ ಓಣಿಯೆಲ್ಲ ಹೊರಗೆ ಕಟ್ಟೆಯ ಮೇಲೆ ಕೂತಿತ್ತು. ನಾನು ಹರಿವಾಣದಲ್ಲಿ ಹನ್ನೆರಡನ್ನೂ ಇಟ್ಟುಕೊಂಡು ಹೊರಟೆ. ಮಾಸ್ತರರು ಮುಂದೆ ಮೊಬೈಲಿನ ದೀಪ ಹಿಡಿದರು. ಇಬ್ಬರಿಗೊಂದು, ಮಕ್ಕಳಿದ್ದಲ್ಲಿ ಇಡಿಯದು. ಪಕ್ಕದ ಮನೆಯಾಕೆ ಹಾಳೆ ಬಿಚ್ಚುತ್ತ, "ಎವರಿ ಪುಟ್ಟಿನರೋಜು ವದಿನಾ?" ಎಂದಳು. ಮೊಮ್ಮಗಳದು, ಇನ್ನೂ ಒಂಬತ್ತು ದಿನ ಇದೆ ಎಂದೆ. ಕತ್ತಲಲ್ಲಿ ಕಟ್ಟೆಯಿಂದ ಕಟ್ಟೆಗೆ ನಗು ಹಬ್ಬಿತು. ಯಾರೋ ಹುಡುಗ ಇಲ್ಲದ ಕೂಸಿಗೆ ಹ್ಯಾಪಿ ಬರ್ತ್‌ಡೇ ಹಾಡಿಯೂ ಬಿಟ್ಟ. ಪಂಚಮಿಯ ಮುಂಚಿನ ರೊಟ್ಟಿ ಹಬ್ಬದಲ್ಲಿ ಮನೆಮನೆಗೆ ರೊಟ್ಟಿ ಬೀರಿದಂತೆಯೇ ಆಯಿತು. ಎಚ್ಚರವಾಗಿ ಕೂಡಿಟ್ಟದ್ದನ್ನು ಕಳೆದುಕೊಂಡ ದುಃಖ ಬರಲಿ ಎಂದು ನಾನು ಕಾದೆ. ಕೈ ತುಂಬ ಸಕ್ಕರೆ ಅಂಟಿತ್ತು, ದುಃಖ ಬರಲಿಲ್ಲ.

ಮೇ 12ಕ್ಕೆ ನಾದಿನಿ ಗದ್ವಾಲದ ಬಸ್ಸಿನಿಂದ ಇನ್ನೊಂದು ಡಬ್ಬಿ ಹೊತ್ತು ಇಳಿದಳು. ಹನ್ನೆರಡೂ ಇದ್ದವು, ಮಾಸ್ತರರ ಗೆರೆ ಸಮೇತ. ಹಾಳೆಯ ಮೇಲೆ ಬೆವರು, ಒಳಗೆ ಒಣಗು. ಮಗಳು ಕ್ರೀಮ್ ಹಚ್ಚುವ ಮುನ್ನ ಒಂದನ್ನು ಬಿಚ್ಚಿ ಅವ್ವನ ಕೈಗೆ ಕೊಟ್ಟಳು. ಅವ್ವ ಅದನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದಳು. ಮತ್ತೊಮ್ಮೆ ತಟ್ಟಿದಳು.

"ಇದು ಮಾತೇ ಆಡಂಗಿಲ್ಲಲ್ಲಬೇ" ಎಂದು ಅರ್ಧ ಮುರಿದು ಬಾಯಿಗೆ ಹಾಕಿಕೊಂಡಳು.