ಹಗುರಾದ ದಾರ

ಗಾಳ ಹಾಕುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಸಣ್ಣ ಜಂಬವೊಂದು ನನ್ನಲ್ಲಿತ್ತು. ಗಂಗೊಳ್ಳಿಯ ಕಡಲ ದಂಡೆಯಲ್ಲಿ ಹುಟ್ಟಿದವನು ನಾನು. ಮೇಷ್ಟರ ಕೆಲಸ ಹಿಡಿದು ದೋಣಿ ಬಿಟ್ಟೆನಾದರೂ, ಹತ್ತು ಮಾರು ದಾರವನ್ನು ನೀರಿಗಿಳಿಸಿ, ಮೀನು ಮುಟ್ಟಿದ್ದನ್ನು ತೋರುಬೆರಳಿನಿಂದಲೇ ಅರಿಯುವ ವಿದ್ಯೆಯನ್ನು ಅಪ್ಪಯ್ಯ ಕಲಿಸಿದ್ದರು. ಮುಟ್ಟಿದ ಕೂಡಲೇ ಜಗ್ಗಬೇಕು. ದಾರ ಹಗುರಾಯಿತೋ, ಮೀನು ಹೋಯಿತೆಂದು ತಿಳಿಯಬೇಕು. ಅವರ ಸೂತ್ರ ಇಷ್ಟೇ.

ಮಗ ಅಮೆರಿಕದ ಫ್ಲೋರಿಡಾದಲ್ಲಿದ್ದಾನೆ. ನಾಲ್ಕು ವರ್ಷ ಊರಿಗೆ ಬಂದಿರಲಿಲ್ಲ. ಫೋನಿನಲ್ಲಿ ಮಾತು ಕಡಿಮೆಯಾಗುತ್ತ ಬಂದು, ಕೊನೆಗೆ ಊಟ-ಔಷಧಿಗಳ ವಿಚಾರಣೆಯಷ್ಟೇ ಉಳಿದಿತ್ತು. ಹೋದ ವರ್ಷ ನಾನೇ ಹೋದೆ. ಒಂದು ದಿನ ಆತ, ‘ಅಪ್ಪಯ್ಯ, ಕತ್ತಿಮೀನು ಹಿಡಿಯೂಕೆ ಹೋಪನಾ?’ ಎಂದ. ಬೇಡವೆನ್ನುವುದುಂಟೆ?

ಐಲಮೊರಾಡ ಎಂಬ ಊರಿನಿಂದ ಬೆಳಕು ಹರಿಯುವ ಮುನ್ನ ಹೊರಟೆವು. ಕತ್ತಿಮೀನು ರಾತ್ರಿ ಮೇಲಕ್ಕೆ ಬಂದು, ಹಗಲು ಕತ್ತಲೆಯ ಆಳಕ್ಕೆ ಇಳಿದುಬಿಡುತ್ತದೆ. ಅಲ್ಲಿಯ ಚಳಿಯಲ್ಲೂ ಕಣ್ಣು ಮಂಕಾಗದಂತೆ, ಕಣ್ಣು-ಮಿದುಳುಗಳನ್ನು ಬೆಚ್ಚಗಿಡುವ ಅಂಗವೊಂದು ಅದಕ್ಕಿದೆ. ಹಿಂದೆ ಇಲ್ಲಿಯವರು ರಾತ್ರಿ ದೀಪ ತೂಗಿಬಿಟ್ಟು ಹಿಡಿಯುತ್ತಿದ್ದರು. ಹಗಲಲ್ಲೇ ಆಳಕ್ಕೆ ಗಾಳ ಇಳಿಸುವ ಕ್ರಮವನ್ನು 2000ದ ದಶಕದ ಆರಂಭದಲ್ಲಿ ಇಲ್ಲಿ ರೂಢಿಗೆ ತಂದವರಲ್ಲಿ ಐಲಮೊರಾಡದ ರಿಚರ್ಡ್ ಸ್ಟಾಂಜಿಕ್, ವಿಕ್ ಗ್ಯಾಸ್ಪೆನಿ ಪ್ರಮುಖರು.

ದೋಣಿಯ ಯಜಮಾನ ಬೊಂಡಾಸವೊಂದನ್ನು ಗಾಳಕ್ಕೆ ಸೂಜಿ-ದಾರದಿಂದ ಹೊಲಿಯತೊಡಗಿದ. ನಮ್ಮಲ್ಲಿ ಬರೀ ಚುಚ್ಚುತ್ತೇವಲ್ಲ ಎಂದೆ. ಈ ಮೀನು ಮೊದಲು ಕತ್ತಿಯಿಂದ ಬಡಿಯುತ್ತದೆ, ಆಮೇಲೆ ಬಾಯಿ ಹಾಕುತ್ತದೆ. ಹೊಲಿಗೆಯಿಲ್ಲದಿದ್ದರೆ ಎರೆ ಉಳಿಯದು ಎಂದ. ಅದರ ಮೇಲೆ ಮಿಣುಕುವ ಪುಟ್ಟ ದೀಪ, ಹತ್ತು ಪೌಂಡಿನ ಸೀಸದ ಗುಂಡು. ದೋಣಿ ಮುಂದೆ ಸಾಗುತ್ತಿದ್ದಂತೆ ದಾರ ಬಿಟ್ಟರು, ಇಲ್ಲವಾದರೆ ಗೋಜಲಾಗುತ್ತದಂತೆ. 1,600 ಅಡಿ! ಲೆಕ್ಕ ಹಾಕಿದೆ: ಇನ್ನೂರ ಅರವತ್ತು ಮಾರಿಗೂ ಹೆಚ್ಚು. ಗಲ್ಫ್ ಸ್ಟ್ರೀಮ್ ಪ್ರವಾಹ ನಮ್ಮನ್ನು ಉತ್ತರಕ್ಕೆ ಒಯ್ಯಲು ನೋಡಿದರೆ, ಯಜಮಾನ ಎಂಜಿನ್ನನ್ನು ಅದಕ್ಕೆದುರಾಗಿ ಹಿಡಿದು ದಾರವನ್ನು ನೆಟ್ಟಗೆ ನಿಲ್ಲಿಸಿದ. ಅಷ್ಟು ಆಳದ ಸುದ್ದಿ ಬೆರಳಿಗೆ ಬಾರದು. ಕೋಲಿನ ತುದಿಯನ್ನೇ ನೋಡಬೇಕು. ನೋಡುವ ಕೆಲಸ ನನ್ನದಾಯಿತು.

ಎರಡು ಗಂಟೆ ಕಳೆದಿರಬೇಕು. ಅಲೆಯ ತೂಗಾಟಕ್ಕೆ ಹೊಂದದ ಒಂದು ನಡುಕ ತುದಿಯಲ್ಲಿ ಕಂಡಿತು. ಜಗ್ಗಲು ಕೈ ಹಾತೊರೆಯಿತು. ‘ಜಗ್ಗಬೇಡಿ, ಬಾಯಿ ಮೆತ್ತಗೆ, ಹರಿದುಹೋಗುತ್ತದೆ, ಸುಮ್ಮನೆ ಸುತ್ತಿ’ ಎಂದು ಯಜಮಾನ ಕೂಗಿದ. ಸುತ್ತಿದೆ. ಕೋಲು ಬಾಗಿತು. ಅರ್ಧ ಗಂಟೆಯಲ್ಲಿ ತೋಳು ಸೋತವು. ಅಷ್ಟರಲ್ಲಿ ಇದ್ದಕ್ಕಿದ್ದಂತೆ ಕೋಲು ನೆಟ್ಟಗಾಯಿತು. ದಾರ ಹಗುರ. ಹೋಯಿತು ಎಂದುಕೊಂಡು ಕೈ ಬಿಟ್ಟೆ.

‘ಅಪ್ಪಯ್ಯ, ಸುತ್ತಿ! ನಿಲ್ಸ್‌ಬೇಡಿ!’ ಮಗ ಅರಚಿದ. ಮೀನು ಹೋಗಿರಲಿಲ್ಲ, ಗುಂಡಿನ ಸಮೇತ ಮೇಲಕ್ಕೆ, ನಮ್ಮ ಕಡೆಗೇ ಬರುತ್ತಿತ್ತು. ಕತ್ತಿಮೀನು ಹಾಗೆ ಮಾಡುತ್ತದೆ. ಆಗಲೇ ಎಲ್ಲಕ್ಕಿಂತ ಬೇಗ ಸುತ್ತಬೇಕು. ನನಗೆ ಅರ್ಥವಾಗುವುದರೊಳಗೆ, ಇನ್ನೂರು ಅಡಿ ದೂರದಲ್ಲಿ ಅದು ನೀರು ಸೀಳಿ ಮೇಲೆದ್ದು ತಲೆ ಕೊಡವಿತು. ಗಾಳ ಕಳಚಿತು. ಈ ಸಲ ದಾರ ನಿಜಕ್ಕೂ ಹಗುರಾಗಿತ್ತು.

ಯಾರೂ ಏನೂ ಅನ್ನಲಿಲ್ಲ. ಮಗ ಎಷ್ಟು ಹಣ ತೆತ್ತಿದ್ದನೋ, ಅದನ್ನೂ ಹೇಳಲಿಲ್ಲ. ನೀರು ಕೊಟ್ಟು, ‘ಇನ್ನೊಂದ್ಸಲ ಇಳಿಸುವ’ ಎಂದ.

ಎರಡನೆಯ ಸಲ ಸಿಕ್ಕಿದ್ದು ಚಿಕ್ಕದು. ಕೆಳದವಡೆಯಿಂದ ಬಾಲದ ಕವಲಿನವರೆಗೆ 47 ಇಂಚು ಇರದಿದ್ದರೆ ಇಟ್ಟುಕೊಳ್ಳುವಂತಿಲ್ಲ ಎಂಬುದು ಅಲ್ಲಿಯ ಕಾನೂನು. ಮೂರು ಇಂಚು ಕಡಿಮೆಯಿತ್ತು. ಬಲೆಗೆ ಬಿದ್ದದ್ದನ್ನೆಲ್ಲ ಬುಟ್ಟಿಗೆ ತುಂಬುವ ಊರಿನವನಿಗೆ ಹೊಟ್ಟೆ ಉರಿಯದೆ ಇದ್ದೀತೆ? ಆದರೆ ಈ ಮೀನು ಒಂದು ಕಾಲದಲ್ಲಿ ಇಲ್ಲಿ ತೀರಾ ವಿರಳವಾಗಿತ್ತಂತೆ. ಸಾವಿರಾರು ಗಾಳಗಳ ಉದ್ದದ ಹಗ್ಗಗಳನ್ನು ಫ್ಲೋರಿಡಾದ ಪೂರ್ವ ತೀರದಲ್ಲಿ 2001ರಲ್ಲಿ ನಿಷೇಧಿಸಿದರು. ಉತ್ತರ ಅಟ್ಲಾಂಟಿಕ್‌ನ ಕತ್ತಿಮೀನು ಸಂತತಿ ಚೇತರಿಸಿಕೊಂಡಿದೆಯೆಂದು 2009ರಲ್ಲಿ ವಿಜ್ಞಾನಿಗಳು ತೀರ್ಮಾನಿಸಿದರು. ಮಗ ಅದನ್ನು ನೀರಿನಲ್ಲೇ ಹಿಡಿದು ದೋಣಿಯ ಜೊತೆ ಸ್ವಲ್ಪ ದೂರ ಸಾಗಿಸಿದ. ಕಿವಿರಿಗೆ ನೀರು ಹರಿದು ಚೇತರಿಸಿಕೊಂಡದ್ದೇ ಬಾಲ ಬೀಸಿ ನೀಲಿಯೊಳಗೆ ಇಳಿದುಹೋಯಿತು.

ದಡಕ್ಕೆ ಬರುವಾಗ ಕೈಬೆರಳುಗಳು ಮಡಚಲಾರದಷ್ಟು ಬಾತಿದ್ದವು. ಮಗ ತನ್ನ ಅಂಗೈಯಲ್ಲಿಟ್ಟುಕೊಂಡು ಒಂದೊಂದಾಗಿ ನೀವಿದ. ‘ಅಜ್ಜಯ್ಯನ ಗಾಳದ ದಾರ ಈಗ್ಲೂ ಮನೆಲಿತ್ತಾ?’ ಎಂದು ಕೇಳಿದ. ಅಟ್ಟದ ಮೇಲಿದೆ ಎಂದೆ. ‘ಬೇಸಗೆಗೆ ಬತ್ತೆ, ತೆಗ್ದಿಡಿ’ ಎಂದ.

ಊರಿಗೆ ಬಂದವನು ಮೊದಲು ಮಾಡಿದ ಕೆಲಸ ಅದೇ. ದಾರ ಜೀರ್ಣವಾಗಿದೆ, ಹೊಸದು ತರಬೇಕು.