ಚಂಚಿಯೊಳಗಿನ ಚೀಟಿ

ಮೂವತ್ತು ವರುಷ ಬಸವಕಲ್ಯಾಣದ ಹುಡುಗರಿಗೆ ಲೆಕ್ಕ ಹೇಳಿದ ಮಾಸ್ತರ ನಾನು. ಲಕ್ಷವೆಂದರೆ ನನಗೆ ಒಂದರ ಮುಂದೆ ಐದು ಸೊನ್ನೆ, ಅಷ್ಟೆ. ಅದರ ನಿಜವಾದ ಬೆಲೆ ತಿಳಿದದ್ದು, ತಮ್ಮನ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಾಗ.

ಅವಳನ್ನು ಕೊಟ್ಟದ್ದು ಹುಮನಾಬಾದಿಗೆ. ಕುಬಸ ಮುಗಿಸಿ ಕರೆತಂದೆವು. ಎಂಟರಲ್ಲಿ ಬೀಳುತ್ತಲೇ ಕಾಲು ಬಾತವು. “ಬಸುರಿ ಕಾಲು ಬಾಯೋದು ಹೊಸದೇನ್ರಿ?” ಎಂದಳು ನನ್ನ ಹೆಂಡತಿ. ನಾನೂ ಸುಮ್ಮನಿದ್ದೆ. ಆದರೆ ಒಂದು ಬೆಳಿಗ್ಗೆ ಮಗು, “ಕಾಕಾ, ತಲಿ ಭಾಳ ನೋಯ್ತದ, ಕಣ್ಣು ಮಂಜಾಗ್ಯಾವ” ಎಂದಾಗ ನನ್ನ ಎದೆ ಧಸಕ್ಕೆಂದಿತು.

1963ರಲ್ಲಿ ನನ್ನ ಚಿಕ್ಕವ್ವ ಇದೇ ಮಾತು ಹೇಳಿದ್ದಳು. ಹೆರಿಗೆ ನೋವಿನ ನಡುವೆ ಸೆಟೆದು ಸೆಳೆತ ಬಂತು. ಹಿರಿಯರು ಗಾಳಿ ಸೋಕಿತೆಂದು ನಿಂಬೆಹಣ್ಣು ಇಳಿಸಿದರು. ಎಂಟು ವರುಷದ ನನ್ನ ಕೈಗೆ ಕಂದೀಲು ಕೊಟ್ಟು ನಿಲ್ಲಿಸಿದ್ದರು. ಬೆಳಗಾಗುವುದರೊಳಗೆ ತಾಯಿಯೂ ಇಲ್ಲ, ಕೂಸೂ ಇಲ್ಲ. ಮುಂದೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ.

ಊರಿನ ವೈದ್ಯೆ ನೋಡಿದರು. ರಕ್ತದ ಒತ್ತಡ 160, 100. ಮೂತ್ರದಲ್ಲಿ ಪ್ರೋಟೀನು. ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಪ್ಲೇಟ್‌ಲೆಟ್ಟುಗಳು 1,32,000. “ಮೊದಲೆಷ್ಟಿದ್ದವು?” ಎಂದು ಕೇಳಿದರು. ಒಂದೂವರೆ ಲಕ್ಷದಿಂದ ನಾಲ್ಕು ಲಕ್ಷದವರೆಗೆ ಇರುವುದು ರೂಢಿ. ಬಸುರಿಯಲ್ಲಿ ರಕ್ತದ ನೀರು ಹೆಚ್ಚುವುದರಿಂದ ಕೊಂಚ ಇಳಿಯುವುದೂ ಸಹಜವೇ. ಮೊದಲಿನದು ತಿಳಿಯದೆ ಇದು ಸಹಜವೋ, ಕುಸಿತವೋ ಹೇಳುವುದು ಕಷ್ಟ.

ಹುಮನಾಬಾದಿಗೆ ಫೋನು ಮಾಡಿದೆವು. ಬೀಗತಿಗೆ ಓದು ಬಾರದು. ಆದರೆ ಐದನೆಯ ತಿಂಗಳ ಪರೀಕ್ಷೆಯ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆಯ ಚಂಚಿಯಲ್ಲಿಟ್ಟಿದ್ದರು! ಅಳಿಯ ತಂದುಕೊಟ್ಟ. ಸುಣ್ಣದ ಕಲೆಯ ನಡುವೆ 2,40,000. ವೈದ್ಯೆಯ ಮುಖ ಗಂಭೀರವಾಯಿತು. ಮರುದಿನ ಎಣಿಸಿದರೆ 86,000.

ಈ ಪುಟ್ಟ ಬಿಲ್ಲೆಗಳ ಕಸುಬನ್ನು ಇಟಲಿಯ ಬಿಜೊಜೆರೊ 1882ರಲ್ಲಿ ತೋರಿಸಿಕೊಟ್ಟ. ರಕ್ತನಾಳ ಹರಿದಲ್ಲಿ ಓಡಿಹೋಗಿ ಒಂದಕ್ಕೊಂದು ಅಂಟಿ ತೂತು ಮುಚ್ಚುವುದು ಅವುಗಳ ಕೆಲಸ. ಆಯುಷ್ಯ ಎಂಟು ಹತ್ತು ದಿನ. ಗರ್ಭನಂಜಿನಲ್ಲಿ ಮಾಸು ಸರಿಯಾಗಿ ಬೇರೂರದೆ, ಅಲ್ಲಿಂದ ಹೊರಟ ವಸ್ತುಗಳು ತಾಯಿಯ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಮೈಯೆಲ್ಲ ಗಾಯವೆಂದು ಬಗೆದ ಪ್ಲೇಟ್‌ಲೆಟ್ಟುಗಳು ಅಲ್ಲಲ್ಲಿ ಅಂಟಿ ಖರ್ಚಾಗುತ್ತವೆ. ಮಜ್ಜೆ ಅವಸರದಿಂದ ಹೊಸವನ್ನು ಕಳಿಸಿದರೂ ಖರ್ಚಿಗೆ ಜಮೆ ಸಾಲದು. ಒಂದು ಲಕ್ಷಕ್ಕಿಂತ ಇಳಿದರೆ ರೋಗ ಉಗ್ರವಾಯಿತೆಂದೇ ಲೆಕ್ಕ. ರಕ್ತಕಣ ಒಡೆದು, ಯಕೃತ್ತೂ ಕೆಟ್ಟು, ಪ್ಲೇಟ್‌ಲೆಟ್ಟೂ ಇಳಿಯುವ ಕೂಟಕ್ಕೆ ಅಮೆರಿಕದ ವೈನ್‌ಸ್ಟೀನ್ 1982ರಲ್ಲಿ ಇಟ್ಟ ಹೆಸರು ‘ಹೆಲ್ಪ್’. ಆಂಗ್ಲದಲ್ಲಿ ನೆರವಿಗೆ ಕೂಗಿದಂತೆಯೇ ಕೇಳಿಸುತ್ತದೆ.

ಇದಕ್ಕೆ ಮದ್ದು ಒಂದೇ, ಹೆರಿಗೆ. ಬೀದರಕ್ಕೆ ಹೊರಟೆವು. ಹುಮನಾಬಾದಿನ ಹಾದಿಯಲ್ಲಿ ಬೀಗತಿ ಚಂಚಿ ಹಿಡಿದು ನಿಂತಿದ್ದರು. ಮಾತಿಲ್ಲದೆ ಗಾಡಿ ಹತ್ತಿ ಸೊಸೆಯ ಕಾಲು ತೊಡೆಯ ಮೇಲಿಟ್ಟುಕೊಂಡರು. ಬೀದರದಲ್ಲಿ ಸೆಳೆತ ಬಾರದಂತೆ ಮೆಗ್ನೀಸಿಯಂ ಸಲ್ಫೇಟು ಕೊಟ್ಟರು. ಬೆನ್ನಿಗೆ ಸೂಜಿ ಚುಚ್ಚಬಹುದೇ, ರಕ್ತ ಬೇಕಾದೀತೇ ಎಂದೆಲ್ಲ ಅದೇ ಅಂಕಿಯನ್ನು ಮುಂದಿಟ್ಟುಕೊಂಡು ವಿಚಾರ ಮಾಡಿದರು. ರಾತ್ರಿ ಹೆಣ್ಣುಕೂಸು ಹುಟ್ಟಿತು, ತೂಕ 1.8 ಕಿಲೋ.

ಗೆದ್ದೆವೆಂದು ನಾನು ಹಿಗ್ಗಿದೆ. ಮರುದಿನ ಚೀಟಿ ಬಂತು: 74,000. ಹೆರಿಗೆಯಾದ ಮೇಲೂ ಒಂದೆರಡು ದಿನ ಇಳಿಯುವುದುಂಟಂತೆ. ಆ ಎರಡು ದಿನ ನಾನು ಯಾವ ಲೆಕ್ಕವನ್ನೂ ನಂಬಲಿಲ್ಲ. ಮೂರನೆಯ ದಿನ 91,000. ಆರನೆಯ ದಿನ 1,60,000!

“ಓದಾಕ ಬರದಿದ್ದರೂ ಆ ಚೀಟಿ ಯಾಕ ಜೋಪಾನ ಮಾಡಿದ್ರಿ?” ಎಂದು ಬೀಗತಿಯನ್ನು ಕೇಳಿದೆ.

“ಸೊಸಿ ಮೈಯಾಗಿನ ರಕ್ತದ ಚೀಟಿ ಬೀಗರ, ಹ್ಯಾಂಗ ಒಗೀಲಿ?” ಎಂದರು.

ಆರನೆಯ ದಿನದ ಚೀಟಿಯನ್ನೂ ಇಸಿದುಕೊಂಡು ಚಂಚಿಗೆ ಸೇರಿಸಿದರು. ಆ ರಾತ್ರಿ ನಾನು ಹೆಂಡತಿಗೆ ಚಿಕ್ಕವ್ವನ ಕಥೆಯನ್ನು ಮೊದಲ ಸಲ ಹೇಳಿದೆ. ಗಾಳಿಯ ಮಾತು ಎತ್ತಲಿಲ್ಲ. ಅವಳಿಗೆ ಏನಾಗಿತ್ತೆಂದು ಈಗ ನನಗೆ ಗೊತ್ತಿತ್ತು.