ಮುಟ್ಟಲಾಗದ ಸೀರೆಗೆ ಚಿತ್ರವೇ ಸಾಕ್ಷಿ

ವ್ಯಾಪಾರವೆಂಬುದು ಮೂಲತಃ ನಂಬಿಕೆಯ ಕೆಲಸ. ಬಟ್ಟೆಯ ವ್ಯಾಪಾರವಂತೂ ಬೆರಳ ತುದಿಯ ನಂಬಿಕೆಯ ಮೇಲೆ ನಿಂತದ್ದು. ಸೀರೆ ಕೊಳ್ಳಲು ಬಂದ ತಾಯಂದಿರು ಮೊದಲು ಸೆರಗನ್ನು ಹಿಡಿದು ನೋಡುತ್ತಾರೆ. ಮಗುಚಿ ಹಿಂಬದಿಯನ್ನು ಪರೀಕ್ಷಿಸುತ್ತಾರೆ. ಬಾಗಿಲಿನ ಬೆಳಕಿಗೆ ತಂದು ಬಣ್ಣವನ್ನು ದಿಟ್ಟಿಸುತ್ತಾರೆ. ಬೆಲೆಯ ಮಾತು ಅನಂತರದ್ದು. ಹೀಗಿರುವಾಗ, ಮುಟ್ಟಲು ಬಾರದ ಮೊಬೈಲ್ ಪರದೆಯ ಮೇಲೆ ಸೀರೆಯನ್ನು ಮಾರುವುದು ಹೇಗೆ? ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಮನೆತನವು ಉತ್ತರ ಹುಡುಕಬೇಕಾಗಿ ಬಂದ ಪ್ರಶ್ನೆಯಿದು.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ನಮ್ಮದೊಂದು ಸಣ್ಣ ಸೀರೆ ಅಂಗಡಿ. ಆರು ನೇಕಾರ ಮನೆಗಳ ಕೈಮಗ್ಗದ ಸೀರೆಗಳು ನಮ್ಮಲ್ಲಿಗೆ ಬರುತ್ತವೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ, ಹೆಸರೂ ಇದೆ. ಆದರೆ 2020ರ ಮಾರ್ಚ್ 25ರಂದು ದೇಶವೇ ಬಾಗಿಲು ಹಾಕಿದಾಗ ಆ ಹೆಸರು ನಮ್ಮ ಕೈ ಹಿಡಿಯಲಿಲ್ಲ. ಮದುವೆಗಳು ಮುಂದೂಡಲ್ಪಟ್ಟವು, ಜಾತ್ರೆಗಳು ನಿಂತವು, ಕಪಾಟುಗಳಲ್ಲಿ ಸೀರೆಗಳು ಉಳಿದವು. ಕೈಮಗ್ಗದಲ್ಲಿ ಒಂದು ಸೀರೆಯಾಗಲು ಸುಮಾರು ಒಂದು ವಾರ ಬೇಕು. ಅಂಗಡಿಯಲ್ಲಿ ಮಾರಾಟ ನಿಂತರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತರೆ ಒಲೆ ಆರುತ್ತದೆ. ಒಮ್ಮೆ ಮಗ್ಗ ಬಿಟ್ಟು ಕೂಲಿ ಅರಸಿ ಪರಊರಿಗೆ ಹೋದವರು ಮರಳಿ ಮಗ್ಗಕ್ಕೆ ಕುಳಿತುಕೊಳ್ಳುವುದು ಅಪರೂಪವೆಂಬುದು ನಮ್ಮ ಭಾಗದವರಿಗೆ ಹೇಳಬೇಕಾದ ಮಾತಲ್ಲ.

ಆ ದಿನಗಳಲ್ಲಿ ನಮ್ಮ ಮನೆಯ ಕಿರಿಯ ಸೊಸೆಯು ಅಂಗಡಿಯ ಹೆಸರಿನಲ್ಲಿ ವಾಟ್ಸಾಪ್ ಬಿಸಿನೆಸ್ ಮತ್ತು ಇನ್‌ಸ್ಟಾಗ್ರಾಂ ಖಾತೆಗಳನ್ನು ತೆರೆದಳು. ಇಂತಹ ಪುಟಗಳಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ ನೋಟ: ಮಡಿಸಿಟ್ಟ ಸೀರೆ, ಅದರ ಮೇಲೊಂದು ಬೆಲೆ. ಇಂತಹವು ಹತ್ತು ಕಂಡರೆ ಕಣ್ಣು ದಣಿಯುತ್ತದೆ, ಬೆರಳು ಮುಂದಕ್ಕೆ ಸರಿಯುತ್ತದೆ. ಅವಳು ಮಾಡಿದ ಜಾಣತನವೆಂದರೆ, ವಿಚಾರಿಸಿದವರೆಲ್ಲರ ಪ್ರಶ್ನೆಗಳನ್ನು ಒಂದು ವಹಿಯಲ್ಲಿ ಬರೆದಿಟ್ಟದ್ದು. ಬಣ್ಣ ನಿಜವಾಗಿಯೂ ಹೀಗೆಯೇ ಇದೆಯೇ? ಸೆರಗು ರೇಷ್ಮೆಯೇ? ಉಟ್ಟರೆ ಹೇಗೆ ಕಾಣುತ್ತದೆ? ಕೈಮಗ್ಗದ್ದೆಂದು ನಂಬುವುದು ಹೇಗೆ? ತೊಳೆದರೆ ಬಣ್ಣ ಬಿಡುತ್ತದೆಯೇ? ಆ ವಹಿಯನ್ನು ಓದಿದಾಗ ನಮಗೆ ಹೊಳೆದದ್ದು ಇಷ್ಟೆ: ಕೊಳ್ಳುವವರ ಒಂದೊಂದು ಸಂದೇಹವೂ ಒಂದೊಂದು ಬಗೆಯ ಚಿತ್ರವನ್ನು ಬೇಡುತ್ತದೆ. ಚಿತ್ರಗಳಲ್ಲಿ ವೈವಿಧ್ಯವಿರಬೇಕೆಂಬುದು ಅಲಂಕಾರಕ್ಕಾಗಿ ಅಲ್ಲ, ಉತ್ತರಕ್ಕಾಗಿ.

ಬಣ್ಣದ ಪ್ರಶ್ನೆಗೆ ಬೆಳಗಿನ ಬಿಸಿಲಿನಲ್ಲಿ, ಯಾವ ಬಣ್ಣಗೂಡಿಸುವ ಉಪಾಯವನ್ನೂ ಬಳಸದೆ ತೆಗೆದ ಚಿತ್ರವೇ ಉತ್ತರ. ದಾಳಿಂಬೆ ಕೆಂಪನ್ನು ಪರದೆಯ ಮೇಲೆ ಕುಂಕುಮದ ಕೆಂಪಾಗಿಸುವುದು ಸುಲಭ. ಆದರೆ ಪೊಟ್ಟಣ ಬಿಚ್ಚಿದ ಗಳಿಗೆಯಲ್ಲಿ ಆ ಸುಳ್ಳು ಬಯಲಾಗುತ್ತದೆ, ಜೊತೆಗೆ ಒಂದು ಮನೆಯ ವಿಶ್ವಾಸವೂ ಹೋಗುತ್ತದೆ. ಒಂದೇ ಪ್ರಕಟಣೆಯಲ್ಲಿ ಹಲವು ಚಿತ್ರಗಳನ್ನು ಸಾಲಾಗಿ ಜೋಡಿಸುವ ಅನುಕೂಲವನ್ನು ಇನ್‌ಸ್ಟಾಗ್ರಾಂ 2017ರಿಂದಲೇ ಕಲ್ಪಿಸಿದೆ. ಅದರಲ್ಲಿ ಒಡಲು, ಚಿಕ್ಕಿ ಅಥವಾ ಗೋಮಿ ದಡಿ, ತೆನೆಯ ಸೆರಗು, ಕೊನೆಗೆ ಹಿಂಬದಿ ಹೀಗೆ ಕ್ರಮವಾಗಿ ತೋರಿಸಿದರೆ, ಅಂಗಡಿಯಲ್ಲಿ ಸೀರೆ ಬಿಚ್ಚಿ ಹಾಸಿದಂತೆಯೇ ಆಗುತ್ತದೆ. ಅಳತೆ, ನೂಲು, ತೊಳೆಯುವ ವಿಧಾನಗಳನ್ನು ದೊಡ್ಡ ಅಕ್ಷರಗಳ ಫಲಕವಾಗಿ ಬರೆದು ಹಾಕುವುದು ಹಿರಿಯ ಕಣ್ಣುಗಳಿಗೆ ಉಪಕಾರ. ಅಂದು ಬಂದ ಹೊಸ ಸೀರೆಗಳಿಗೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ತಾನಾಗಿ ಅಳಿಯುವ ಸ್ಟೇಟಸ್ ಸಾಕು. ಉಟ್ಟ ಮೇಲಿನ ಅಂದಕ್ಕೆ, ಕೊಂಡವರು ಒಪ್ಪಿ ಕಳಿಸಿದ ಭಾವಚಿತ್ರಗಳಿಗಿಂತ ಮಿಗಿಲಾದ ಜಾಹೀರಾತಿಲ್ಲ.

ಎಲ್ಲಕ್ಕೂ ಹೆಚ್ಚು ಜನರನ್ನು ತಲುಪಿದ್ದು ಮಗ್ಗದ ಚಲಚ್ಚಿತ್ರಗಳು. 2020ರ ಜುಲೈ ತಿಂಗಳಲ್ಲಿ ನಮ್ಮ ದೇಶದಲ್ಲಿ ರೀಲ್ಸ್ ಆರಂಭವಾದ ಮೇಲೆ ಕೆಲವೇ ಕ್ಷಣಗಳ ದೃಶ್ಯಗಳಿಗೆ ಬಹಳ ಬೇಡಿಕೆ ಬಂದಿತು. ಇಳಕಲ್ ಸೀರೆಯ ವಿಶೇಷವಿರುವುದು ಕೊಂಡಿಯಲ್ಲಿ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕೊಂಡಿಯಂತೆ ಸೇರಿಸಿದ ಬಳಿಕವೇ ನೇಯ್ಗೆ. ಸೀರೆ ಉಟ್ಟು ಮುಪ್ಪಾದವರು ಕೂಡ ಆ ಕೊಂಡಿ ಹಾಕುವ ಕೆಲಸವನ್ನು ನೋಡಿರಲಿಲ್ಲ. ಅದನ್ನು ಕಂಡ ಮೇಲೆ ಬೆಲೆ ಹೆಚ್ಚಾಯಿತೆಂಬ ಆಕ್ಷೇಪ ಬಹುಮಟ್ಟಿಗೆ ತಗ್ಗಿತು.

ಆದರೆ ಇಲ್ಲಿಯೇ ಒಂದು ಸೂಕ್ಷ್ಮವಾದ ಪ್ರಶ್ನೆಯೂ ಎದುರಾಯಿತು. ಕೊಂಡಿ ಹಾಕುವ ತಾಯಿಯೊಬ್ಬರು, "ಕೈ ತೋರಿಸ್ರಿ, ಮಾರಿ ಬ್ಯಾಡ್ರಿ" ಎಂದರು. ಮುಖವಿದ್ದರೆ ನೋಡುವವರು ಹೆಚ್ಚುತ್ತಾರೆಂದು ಮನೆಯ ಕಿರಿಯರ ವಾದ. ದುಡಿಯುವವರ ಮರ್ಯಾದೆ ಸರಕಲ್ಲವೆಂದು ಹಿರಿಯರ ನಿಲುವು. ಕೊನೆಗೆ ನಾವೊಂದು ಕಟ್ಟಳೆ ಮಾಡಿಕೊಂಡೆವು: ಚಿತ್ರವನ್ನು ಹೊರಗೆ ಬಿಡುವ ಮುನ್ನ ಅದರಲ್ಲಿರುವವರಿಗೆ ತೋರಿಸಬೇಕು; ಬೇಡವೆಂದರೆ ಕಾರಣ ಕೇಳದೆ ಅಳಿಸಬೇಕು. ಇಂದಿಗೂ ನಮ್ಮ ಪುಟದಲ್ಲಿ ಆ ತಾಯಿಯ ಕೈಗಳು ಮಾತ್ರ ಇವೆ. ಅರಿಸಿನ ಬಣ್ಣದ ನೂಲು ಹಿಡಿದ ಆ ಬೆರಳುಗಳೇ ನಮ್ಮ ಅಂಗಡಿಯ ಗುರುತಾಗಿ ಹೋಗಿವೆ.

ಚಿತ್ರಕ್ಕೆ ಕಳ್ಳರೂ ಇದ್ದಾರೆ. ಯಾರೋ ವ್ಯಾಪಾರಿಯೊಬ್ಬರು ಅದೇ ಕೈಗಳ ದೃಶ್ಯವನ್ನು ಎತ್ತಿಕೊಂಡು, ಅದರಡಿಯಲ್ಲಿ ವಿದ್ಯುತ್ ಮಗ್ಗದ ಸೀರೆಗಳನ್ನು ಮಾರಿದರು. ಮೋಸಹೋದ ಗೃಹಿಣಿಯೊಬ್ಬರು ದೂರದ ಊರಿನಿಂದ ನಮಗೇ ಕರೆ ಮಾಡಿ ನೊಂದುಕೊಂಡರು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ಪರದೆಗೂ ಸಲ್ಲುತ್ತದೆ. ಅಂದಿನಿಂದ ನಮ್ಮ ಚಿತ್ರಗಳ ಮೇಲೆ ಅಂಗಡಿಯ ಹೆಸರು ಮೂಡಿಸುತ್ತೇವೆ. ಕೇಳಿದವರಿಗೆ, ಅವರು ಆರಿಸಿದ ಸೀರೆಯ ಕೊಂಡಿಯನ್ನೇ ವಿಡಿಯೋ ಕರೆಯಲ್ಲಿ ತೋರಿಸುತ್ತೇವೆ. ಕೈಮಗ್ಗದ ಗುರುತು ಚೀಟಿಯನ್ನು ಕೇಳಿ ಪಡೆಯಿರೆಂದೂ ತಿಳಿಸುತ್ತೇವೆ. ಕೊಳ್ಳುವವರಿಗೆ ನೋಡಲು ಕಲಿಸುವ ಚಿತ್ರವೂ ವ್ಯಾಪಾರದ ಒಂದು ಭಾಗವೇ ಅಲ್ಲವೇ?

ಇದರಿಂದೆಲ್ಲ ಸಿರಿ ಸುರಿಯಿತೆಂದು ಯಾರೂ ಭಾವಿಸಬಾರದು. ಆರು ಮನೆಗಳಲ್ಲಿ ಒಂದು ಮನೆಯ ಮಗ್ಗ ನಿಂತೇ ಹೋಯಿತು. ಆ ಮನೆಯ ಮಗ ಬೆಂಗಳೂರಿನಲ್ಲಿ ದುಡಿಯುತ್ತಿದ್ದಾನೆ. ಉಳಿದ ಐದು ಮನೆಗಳಲ್ಲಿ ಲಾಳಿ ಓಡುತ್ತಿದೆ. ಹಬ್ಬದ ಶುಭಾಶಯಗಳ ಬಣ್ಣದ ಹಾಳೆಗಳನ್ನು ನೂರು ಹಂಚಿದರೂ ಇದು ಸಾಧ್ಯವಾಗುತ್ತಿರಲಿಲ್ಲವೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ರೊಟ್ಟಿ, ಶೇಂಗಾ ಚಟ್ನಿ, ಕೌದಿ, ಕಸೂತಿ ಹೀಗೆ ಮನೆಯಿಂದಲೇ ಉದ್ಯೋಗ ನಡೆಸುವ ಸಹೋದರಿಯರು ಇಂದು ಊರೂರಿಗೂ ಇದ್ದಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟೆ. ದುಬಾರಿ ಕ್ಯಾಮೆರಾ ಬೇಡ. ಒಂದು ವಹಿ ಸಾಕು. ಕೊಳ್ಳುವವರು ಏನು ಕೇಳುತ್ತಾರೆಂದು ಬರೆದಿಡಿರಿ. ಹಿಟ್ಟು ಯಾವುದೆಂದು ಕೇಳಿದರೆ ಜೋಳವನ್ನು ತೋರಿಸಿರಿ. ಎಷ್ಟು ದಿನ ಉಳಿಯುತ್ತದೆಂದು ಕೇಳಿದರೆ ತಾರೀಖು ಬರೆದ ಪೊಟ್ಟಣವನ್ನು ತೋರಿಸಿರಿ. ಹೊಲಿಗೆ ಗಟ್ಟಿಯೇ ಎಂದರೆ ಕೌದಿಯ ಹಿಂಬದಿಯನ್ನು ತೋರಿಸಿರಿ. ತೋರಿಸಲು ಅಂಜುವಂಥದ್ದು ಸರಕಿನಲ್ಲಿ ಇಲ್ಲದಿದ್ದರೆ, ತೋರಿಸುವ ಬಗೆಗಳಿಗೆ ಎಂದೂ ಬರವಿಲ್ಲ.